ಹಡಗುಗಳನ್ನು ತಾಮ್ರದಲ್ಲಿ ಕಂಡರಿಸಿದ ಹೊರನಾಡಿಗ

ಊರು ಬಿಟ್ಟು ಬಂದ ನಮಗೆಲ್ಲ ಒಂದಲ್ಲ ಒಂದು ದಿನ ನಾವು ಯಾವ ಊರಿನವರೆಂಬ ಪ್ರಶ್ನೆ ಎದುರಾಗುತ್ತದೆ. ಸುಮಾರು ನಾಲ್ಕು ಶತಮಾನಗಳ ಹಿಂದೆ ಇದೇ ಪ್ರಶ್ನೆಗೆ ತನ್ನ ಚಿತ್ರಗಳ ಮೂಲೆಯಲ್ಲೇ ಉತ್ತರ ಬರೆದಿಟ್ಟ ಕಲಾವಿದ ವೆನ್ಸೆಸ್ಲಾಸ್ ಹಾಲರ್.

ಹಾಲರ್ ಹುಟ್ಟಿದ್ದು 1607ರಲ್ಲಿ, ಬೊಹೀಮಿಯದ ಪ್ರಾಗ್ ನಗರದಲ್ಲಿ. ಯುರೋಪು ಮೂವತ್ತು ವರ್ಷಗಳ ಯುದ್ಧದಲ್ಲಿ ಬೇಯುತ್ತಿದ್ದಾಗ, 1627ರಲ್ಲಿ ಊರು ಬಿಟ್ಟನು. ಜರ್ಮನಿಯ ನಗರಗಳಲ್ಲಿ ಅಲೆದು ಎಚಿಂಗ್ ವಿದ್ಯೆಯಲ್ಲಿ ಪಳಗಿದನು. 1636ರಲ್ಲಿ ಇಂಗ್ಲೆಂಡಿನ ಅರುಂಡೆಲ್ ಪ್ರಭುವಿನ ಆಶ್ರಯ ದೊರೆಯಿತು. ಆತನ ಪರಿವಾರದೊಡನೆ ಪ್ರಾಗ್ ನಗರವನ್ನು ಮತ್ತೊಮ್ಮೆ ಕಂಡು, ಲಂಡನ್ ಸೇರಿದನು.

ಎಚಿಂಗ್ ತಾಳ್ಮೆಯ ಕೆಲಸ. ನಯವಾದ ತಾಮ್ರದ ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೆರೆ ಎಳೆಯಬೇಕು. ಮೇಲೆ ಆಮ್ಲ ಸುರಿದರೆ, ಲೇಪ ಎದ್ದ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ದೂರದ ಹಡಗಿನ ಗೆರೆ ತೆಳುವಾಗಿರಬೇಕಾದರೆ ಅದನ್ನು ಬೇಗನೆ ಅರಗಿನಿಂದ ಮುಚ್ಚಬೇಕು. ಹತ್ತಿರದ ಅಲೆ ಕಪ್ಪಾಗಬೇಕಾದರೆ ಆಮ್ಲ ಇನ್ನಷ್ಟು ಹೊತ್ತು ತಿನ್ನಬೇಕು. ಆಮೇಲೆ ಗೆರೆಗಳಲ್ಲಿ ಶಾಯಿ ತುಂಬಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡುತ್ತದೆ.

ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಹಾಲರ್ 1644ರಲ್ಲಿ ಆಂಟ್ವರ್ಪ್ ನಗರಕ್ಕೆ ಹೋದನು. ಅಲ್ಲಿಯೇ 1647ರಲ್ಲಿ ಡಚ್ ಹಡಗುಗಳ ಪ್ರಸಿದ್ಧ ಚಿತ್ರಮಾಲೆ ಹೊರಬಂದಿತು. ಹಾಯಿ, ಹಗ್ಗ, ಪಟಸ್ತಂಭ ಒಂದೊಂದೂ ಅದರಲ್ಲಿ ಸ್ಪಷ್ಟ. ಅದೇ ವರ್ಷ ಥೇಮ್ಸ್ ದಡದ ಲಂಡನ್ನಿನ ಉದ್ದನೆಯ ನೋಟವೂ, 1649ರಲ್ಲಿ ತವರಾದ ಪ್ರಾಗ್‌ನ ನೋಟವೂ ಅಚ್ಚಾದವು. ಬಿಟ್ಟುಬಂದ ಎರಡು ಊರುಗಳನ್ನೂ ಆತ ಮೂರನೆಯ ಊರಿನಲ್ಲಿ ಕುಳಿತು ಕಂಡರಿಸಿದನು!

1652ರಲ್ಲಿ ಲಂಡನ್ನಿಗೆ ಮರಳಿದರೂ ನೆಮ್ಮದಿ ಸಿಗಲಿಲ್ಲ. 1665ರ ಪ್ಲೇಗ್ ಮಗನನ್ನು ಕೊಂಡೊಯ್ದಿತು. ಮರುವರ್ಷದ ಮಹಾ ಅಗ್ನಿ ಆತ ಚಿತ್ರಿಸಿದ್ದ ಲಂಡನ್ನನ್ನೇ ಸುಟ್ಟಿತು. ಹಳೆಯ ನಗರ ಹೇಗಿತ್ತೆಂದು ತಿಳಿಯಲು ಇಂದಿಗೂ ಆತನ ಚಿತ್ರಗಳೇ ಆಧಾರ. 1669ರಲ್ಲಿ ಟ್ಯಾಂಜಿಯರ್ ಕೋಟೆಯನ್ನು ಚಿತ್ರಿಸಲು ಹೋಗಿ ಬರುವಾಗ, ಆತನಿದ್ದ 'ಮೇರಿ ರೋಸ್' ಹಡಗನ್ನು ಏಳು ಅಲ್ಜೀರಿಯನ್ ಹಡಗುಗಳು ಮುತ್ತಿದವು. ಬದುಕಿ ಬಂದ ಹಾಲರ್ ಆ ಕದನವನ್ನೂ ತಾಮ್ರಕ್ಕಿಳಿಸಿದನು.

ಸುಮಾರು 2,700 ತಗಡುಗಳನ್ನು ರಚಿಸಿದ ಈ ಕಲಾವಿದ 1677ರಲ್ಲಿ ಲಂಡನ್ನಿನಲ್ಲಿ ಬಡವನಾಗಿಯೇ ಕಣ್ಣುಮುಚ್ಚಿದನು. ಆತನ ದುಡಿಮೆಯ ಫಲ ಹೆಚ್ಚಾಗಿ ಪ್ರಕಾಶಕರ ಪಾಲಾಗಿತ್ತು. ಆದರೆ ಎಷ್ಟೋ ಚಿತ್ರಗಳಲ್ಲಿ ತನ್ನ ಹೆಸರಿನ ಮುಂದೆ ಬೊಹೀಮಿಯದವನೆಂದು ಬರೆಯುವುದನ್ನು ಆತ ಮರೆತಿರಲಿಲ್ಲ. ಅನ್ನ ಕೊಟ್ಟ ನಾಡನ್ನು ಮನಸಾರೆ ಚಿತ್ರಿಸಿ, ಹುಟ್ಟಿದ ನಾಡಿನ ಹೆಸರನ್ನು ಕೊನೆಯವರೆಗೆ ಉಳಿಸಿಕೊಂಡ ಹಾಲರ್, ಹೊರನಾಡಿನಲ್ಲಿರುವ ನಮಗೆ ದೂರದವನಲ್ಲ.