ಹೆಸರು ಕಳೆದುಕೊಂಡು ಹೆಸರಾದವರು: ಆಗಸ್ಟ್ ಹಾರ್ಖ್

ಆಗಸ್ಟ್ ಹಾರ್ಖ್ 1868ರಲ್ಲಿ ಜರ್ಮನಿಯ ವಿನ್ನಿಂಗನ್‌ನಲ್ಲಿ ಕಮ್ಮಾರರ ಮನೆಯಲ್ಲಿ ಜನಿಸಿದರು. ಮನೆಯ ಕಸುಬು ಕಲಿತು, ಎಂಜಿನಿಯರಿಂಗ್ ಓದಿ, ಕಾರ್ಲ್ ಬೆಂಝ್ ಅವರ ಕಾರ್ಖಾನೆಯಲ್ಲಿ ದುಡಿದರು. 1899ರಲ್ಲಿ ತಮ್ಮ ಹೆಸರಿನಲ್ಲೇ ಕಾರು ಕಂಪನಿ ತೆರೆದರು. ಆಡಳಿತದವರೊಂದಿಗೆ ಭಿನ್ನಾಭಿಪ್ರಾಯ ಬಂದು 1909ರಲ್ಲಿ ಅದನ್ನು ಬಿಟ್ಟು ಹೊಸ ಕಂಪನಿ ಕಟ್ಟಿದರು. ಆದರೆ ಅದಕ್ಕೆ ತಮ್ಮ ಹೆಸರಿಡುವ ಹಕ್ಕನ್ನು ನ್ಯಾಯಾಲಯದಲ್ಲಿ ಕಳೆದುಕೊಂಡರು.

ದಾರಿ ತೋರಿದವನು ಲ್ಯಾಟಿನ್ ಓದುತ್ತಿದ್ದ ಅವರ ಮಿತ್ರರ ಮಗ. ಜರ್ಮನ್ ಭಾಷೆಯಲ್ಲಿ ‘ಹಾರ್ಖ್’ ಎಂದರೆ ಆಲಿಸು. ಲ್ಯಾಟಿನ್‌ನಲ್ಲಿ ಅದೇ ‘ಆಡಿ’. ಹಿರಿಯರು ಒಪ್ಪಿದರು, 1910ರಲ್ಲಿ ಆಡಿ ಕಾರು ಹೊರಬಂತು. 1932ರಲ್ಲಿ ಅವರು ಕಟ್ಟಿದ ಎರಡೂ ಕಂಪನಿಗಳು ಇನ್ನೆರಡರ ಜೊತೆ ಒಂದಾದವು. ಲಾಂಛನದ ನಾಲ್ಕು ಉಂಗುರಗಳು ಅದರ ಗುರುತು. ಹಾರ್ಖ್ 1951ರಲ್ಲಿ ತೀರಿಕೊಂಡರು.

ಶಾಲೆಯ ಪಾಠ ಬದುಕಿಗೆ ಒದಗಿದ್ದು ಹುಡುಗನಿಂದ. ಅದು ಉಳಿದದ್ದು ಹಿರಿಯರು ಆಲಿಸಿದ್ದರಿಂದ.