ಸಾಲ ಕಂಡರಾಗದ ಗ್ಲಾಡ್‌ಸ್ಟನ್

ಬ್ರಿಟನ್ನಿನಲ್ಲಿ ಬಜೆಟ್ ದಿನ ಹಣಕಾಸು ಮಂತ್ರಿ ಕೆಂಪು ಪೆಟ್ಟಿಗೆ ಎತ್ತಿ ತೋರಿಸೋದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೀವಿ. 2010ರವರೆಗೂ ಹೆಚ್ಚಿನ ಮಂತ್ರಿಗಳು ಹಿಡಿದದ್ದು ಒಂದೇ ಪೆಟ್ಟಿಗೆಯನ್ನು. ಅದು ಸುಮಾರು 1860ರಲ್ಲಿ ವಿಲಿಯಂ ಗ್ಲಾಡ್‌ಸ್ಟನ್ ಅವರಿಗಾಗಿ ಮಾಡಿದ್ದು.

ಗ್ಲಾಡ್‌ಸ್ಟನ್ ಹುಟ್ಟಿದ್ದು 1809ರಲ್ಲಿ, ಲಿವರ್‌ಪೂಲ್‌ನ ಶ್ರೀಮಂತ ವ್ಯಾಪಾರಿಯ ಮನೆಯಲ್ಲಿ. ತಂದೆಗೆ ವೆಸ್ಟ್ ಇಂಡೀಸ್ ಕಡೆ ಗುಲಾಮರು ದುಡಿಯುವ ತೋಟಗಳಿದ್ದವು. 1833ರಲ್ಲಿ ಗುಲಾಮಗಿರಿ ರದ್ದಾದಾಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗಲ್ಲ, ಮಾಲೀಕರಿಗೆ! ಬಹುಪಾಲು ಸಾಲ ಮಾಡಿ ಕೊಟ್ಟ ಆ ದುಡ್ಡಿನಲ್ಲಿ ಗ್ಲಾಡ್‌ಸ್ಟನ್ ತಂದೆಗೆ ಬಂದದ್ದು 1 ಲಕ್ಷ ಪೌಂಡಿಗೂ ಹೆಚ್ಚು. ಮುಂದೆ ಸರ್ಕಾರಿ ಸಾಲದ ಕಡುವೈರಿಯಾದ ಮನುಷ್ಯ ಬೆಳೆದದ್ದು ಇಂಥ ಮನೆಯಲ್ಲಿ.

1852ರ ಕೊನೆಗೆ ಅವರು ಮೊದಲ ಸಲ ಹಣಕಾಸು ಮಂತ್ರಿಯಾದರು. ನೆಪೋಲಿಯನ್ ಯುದ್ಧಗಳ ಸಾಲ ಇನ್ನೂ ತೀರಿರಲಿಲ್ಲ; ಸರ್ಕಾರದ ಖರ್ಚಿನಲ್ಲಿ ಸುಮಾರು ಅರ್ಧ ಅದರ ಬಡ್ಡಿಗೇ ಹೋಗ್ತಿತ್ತು. ಆದಾಯ ತೆರಿಗೆಯನ್ನು ಹಂತಹಂತವಾಗಿ ಇಳಿಸಿ 1860ಕ್ಕೆ ಪೂರ್ತಿ ತೆಗೆದುಹಾಕೋದು ಅವರ 1853ರ ಬಜೆಟ್ಟಿನ ಲೆಕ್ಕಾಚಾರ. ಮರುವರ್ಷವೇ ಕ್ರಿಮಿಯಾ ಯುದ್ಧ ಬಂತು. ಸಾಲ ಮಾಡಿ ಯುದ್ಧ ಮಾಡಿದರೆ ಜನರಿಗೆ ಅದರ ಬೆಲೆ ಗೊತ್ತಾಗಲ್ಲ ಅನ್ನೋದು ಅವರ ನಂಬಿಕೆ. ಹಾಗಾಗಿ ಇಳಿಸಬೇಕೆಂದಿದ್ದ ತೆರಿಗೆಯನ್ನು ತಾವೇ ದುಪ್ಪಟ್ಟು ಮಾಡಿದರು.

1859ರಲ್ಲಿ ಮತ್ತೆ ಅದೇ ಹುದ್ದೆಗೆ ಬಂದರು. ಸುಂಕ ಬೀಳುವ ಸರಕುಗಳ ಪಟ್ಟಿಯನ್ನು 419ರಿಂದ 48ಕ್ಕೆ ಇಳಿಸಿದರು. ಕಾಗದದ ಮೇಲಿನ ತೆರಿಗೆ ತೆಗೆಸಿದ್ದರಿಂದ ಪತ್ರಿಕೆಗಳು ಅಗ್ಗವಾದವು. ಖರ್ಚಾದ ಹಣದ ಲೆಕ್ಕ ಕೇಳೋಕೆ 1861ರಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ, 1866ರಲ್ಲಿ ಲೆಕ್ಕ ಪರಿಶೋಧನೆಯ ಕಾಯ್ದೆ ಬಂದವು.

ಅಷ್ಟರಲ್ಲಿ ಮತದಾರರೇ ಬದಲಾದರು. 1867ರ ಕಾಯ್ದೆ ಪಟ್ಟಣದ ಅನೇಕ ಕಾರ್ಮಿಕರಿಗೆ ಮತ ಕೊಟ್ಟಿತು. 1874ರ ಚುನಾವಣೆಯಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಆದಾಯ ತೆರಿಗೆಯನ್ನೇ ರದ್ದು ಮಾಡ್ತೀನಿ ಅಂತ ಮಾತು ಕೊಟ್ಟರು. ಸೋತರು! ಮದ್ಯದಂಗಡಿ ಕಾನೂನು, ಶಾಲೆಗಳ ಜಗಳ, ಹೀಗೆ ಕಾರಣಗಳು ಹಲವು. ಆದ್ರೆ ಆದಾಯ ತೆರಿಗೆಯನ್ನೇ ಕಟ್ಟದ ಕೂಲಿಕಾರನಿಗೆ ಅದು ಹೋದರೆಷ್ಟು, ಇದ್ದರೆಷ್ಟು? ಅಷ್ಟಾದರೂ 1884ರಲ್ಲಿ ಹಳ್ಳಿಯ ಕೂಲಿಗಳಿಗೆ ಮತ ಕೊಡಿಸಿದ್ದು ಅವರದೇ ಸರ್ಕಾರ.

1894ರಲ್ಲಿ ನೌಕಾಪಡೆಗೆ ಹೆಚ್ಚು ಹಣ ಬೇಕು ಅಂತ ಸಂಪುಟ ಹಟ ಹಿಡಿಯಿತು. 84ರ ಮುದುಕರು ಒಪ್ಪಲಿಲ್ಲ, ಒಂಟಿಯಾದರು, ರಾಜೀನಾಮೆ ಕೊಟ್ಟರು. 1898ರಲ್ಲಿ ತೀರಿಕೊಂಡರು. ಆದಾಯ ತೆರಿಗೆ ಇವತ್ತಿಗೂ ಹೋಗಿಲ್ಲ.

ಉಳಿದದ್ದು ಲೆಕ್ಕ ಕೇಳುವ ಪದ್ಧತಿ. ದಿಲ್ಲಿಯ ಸಂಸತ್ತಿನಲ್ಲೂ ನಮ್ಮ ಕರ್ನಾಟಕ ವಿಧಾನಮಂಡಲದಲ್ಲೂ ಇರುವ ಲೆಕ್ಕಪತ್ರ ಸಮಿತಿಗಳು ಅದೇ ಮಾದರಿಯವು. ಖರ್ಚು ಹೆಚ್ಚಿರಬೇಕೋ ಕಡಿಮೆ ಇರಬೇಕೋ ಅನ್ನೋದು ಮತದಾರರು ತೀರ್ಮಾನಿಸುವ ವಿಷಯ. ಲೆಕ್ಕ ಮಾತ್ರ ಯಾವ ಸರ್ಕಾರವಾದರೂ ಕೊಡಲೇಬೇಕು.