ತ್ರಿವೇಣಿ: ಬಾಣಂತಿಯ ಮನಸ್ಸನ್ನು ಬರೆದವರು

ನಾನು ಜೀವಶಾಸ್ತ್ರದ ವಿದ್ಯಾರ್ಥಿನಿ. ಬೋಧನಾಭ್ಯಾಸಕ್ಕಾಗಿ ಮಾನವನ ಸಂತಾನೋತ್ಪತ್ತಿಯ ಪಾಠಯೋಜನೆ ಬರೆಯುತ್ತಿದ್ದಾಗ, ಘಟಕವು ಹೆರಿಗೆಗೇ ಮುಗಿದುಹೋಗುವುದನ್ನು ಗಮನಿಸಿದೆ. ಮಗು ಹುಟ್ಟಿದ ಮೇಲೆ ತಾಯಿಯ ಗತಿ ಏನು ಎಂದು ನನಗೆ ಯೋಚಿಸಲು ಹಚ್ಚಿದ್ದು ತ್ರಿವೇಣಿಯವರ ‘ಶರಪಂಜರ’.

ತ್ರಿವೇಣಿ ಕಾವ್ಯನಾಮ, ಮೂಲ ಹೆಸರು ಅನಸೂಯಾ. ಹುಟ್ಟಿದ್ದು 1928ರಲ್ಲಿ. ಬಿ.ಎಂ. ಶ್ರೀಕಂಠಯ್ಯನವರ ಸೋದರನ ಮಗಳು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದರು. ಆ ಓದು ಪದವಿಪತ್ರದಲ್ಲೇ ಉಳಿಯಲಿಲ್ಲ ಎಂಬುದು ನನಗೆ ಮುಖ್ಯವೆನಿಸುತ್ತದೆ. ‘ಅಪಸ್ವರ’ದಿಂದ ಆರಂಭವಾದ ಅವರ ಕಾದಂಬರಿ ಬರವಣಿಗೆ ನಡೆದದ್ದು ಸುಮಾರು ಹತ್ತೇ ವರ್ಷ. ‘ಹಣ್ಣೆಲೆ ಚಿಗುರಿದಾಗ’ದಲ್ಲಿ ವಿಧವೆಯ ಮರುಮದುವೆಯ ಪ್ರಶ್ನೆ. ‘ಬೆಕ್ಕಿನ ಕಣ್ಣು’ವಿನಲ್ಲಿ ಮಲತಾಯಿಯ ಕಾಟಕ್ಕೆ ಸಿಕ್ಕ ಹುಡುಗಿಯ ಮನಸ್ಸು. ‘ಬೆಳ್ಳಿಮೋಡ’ದಲ್ಲಿ ತಾಯಿ ತಡವಾಗಿ ಗಂಡುಮಗು ಹೆರುತ್ತಾಳೆ, ಆಸ್ತಿ ಮಗಳ ಕೈತಪ್ಪಿತೆಂದು ಗೊತ್ತಾದೊಡನೆ ಅವಳನ್ನು ಮದುವೆಯಾಗಬೇಕಿದ್ದವನ ಪ್ರೀತಿಯೂ ಆರುತ್ತದೆ.

‘ಶರಪಂಜರ’ದ ಕಾವೇರಿಗೆ ಎರಡನೆಯ ಹೆರಿಗೆಯ ನಂತರ ಮನೋರೋಗ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬಾಣಂತಿ ಸನ್ನಿ ಎನ್ನುತ್ತಾರೆ, ಅಂದರೆ ಅಜ್ಜಿಯರಿಗೆ ಇದು ಹೊಸದಲ್ಲ. ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಅವಳು ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ. ಗಂಡ ಬೇರೊಬ್ಬಳ ಸಹವಾಸ ಮಾಡಿದ್ದಾನೆ. ಅವನ ನಡತೆಯನ್ನು ಯಾರೂ ಅಳೆಯುವುದಿಲ್ಲ. ಜ್ವರ ಬಂದು ಹೋದವರನ್ನು ಜೀವನಪೂರ್ತಿ ರೋಗಿಯೆಂದು ಯಾರಾದರೂ ಕರೆಯುತ್ತಾರೆಯೇ? ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ.

ತ್ರಿವೇಣಿಯವರ ಹೆಂಗಸರು ಅತಿಯಾಗಿ ಸಹಿಸುತ್ತಾರೆ ಎಂಬ ಆಕ್ಷೇಪ ನನ್ನ ಸಹಪಾಠಿಗಳದು. ಸಹಿಸುತ್ತಾರೆ, ನಿಜ. ಆದರೆ ಅದನ್ನು ತ್ಯಾಗವೆಂದು ಕರೆದು ಅವರು ಆರತಿ ಎತ್ತಲಿಲ್ಲ. ತಾಯಿಯ ನೋವಿಗೆ ದೇವರ ಮಾತನ್ನಲ್ಲ, ಕಾಯಿಲೆಯ ಹೆಸರನ್ನು ಕೊಟ್ಟರು. ಚಿಕಿತ್ಸೆಯಿಂದ ಗುಣವಾಗುತ್ತದೆ ಎಂದೂ ತೋರಿಸಿದರು. ಗುಣವಾಗದೆ ಉಳಿದದ್ದು ಸುತ್ತಲಿನ ಮನೆ.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರ ಪತಿ. 1963ರ ಜುಲೈನಲ್ಲಿ ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ತ್ರಿವೇಣಿ ಮೈಸೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 35 ತುಂಬಿರಲಿಲ್ಲ. ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ವನ್ನು 1967ರಲ್ಲಿ, ‘ಶರಪಂಜರ’ವನ್ನು 1971ರಲ್ಲಿ ತೆರೆಗೆ ತಂದರು. ಕಲ್ಪನಾ ಕಾವೇರಿಯಾದರು. ತಮ್ಮ ಕಾದಂಬರಿಗಳ ಒಂದು ಚಿತ್ರವನ್ನೂ ತ್ರಿವೇಣಿ ನೋಡಲಿಲ್ಲ.